ಊಟ ಬೇಡವೆನ್ನುವುದು ಹಠವೋ, ಕಾಯಿಲೆಯೋ?

(ಎನ್. ಬೇಗೂರಿನಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣ ಸಂಘದ ವೇದಿಕೆಯಲ್ಲಿ ಊಟದ ಮಾತೇಕೆ ಎಂದು ತಮಗೆ ಅನಿಸಬಹುದು. ಹೊಟ್ಟೆಗೆ ಸರಿಯಾಗಿ ಬೀಳದ ಮಗುವಿನ ತಲೆಗೆ ಪಾಠವೂ ಹತ್ತುವುದಿಲ್ಲ. ಮನೆಯಲ್ಲಿ ಏನೂ ಇಲ್ಲದೆ ಹಸಿದಿರುವುದು ಒಂದು ಕಷ್ಟ. ಎಲ್ಲವೂ ಇದ್ದು ತಿನ್ನಲಾಗದಿರುವುದು, ತಿನ್ನಬಾರದ್ದನ್ನು ತಿನ್ನುವುದು ಇನ್ನೊಂದು ಕಷ್ಟ. ಈ ಎರಡನೆಯದಕ್ಕೆ ನಾವು ಹಠ, ಚಪಲ ಎಂದು ಹೆಸರಿಟ್ಟು ಬೈದು ಸುಮ್ಮನಾಗುತ್ತೇವೆ. ವೈದ್ಯಶಾಸ್ತ್ರ ಅದನ್ನು ಕಾಯಿಲೆ ಎನ್ನುತ್ತದೆ. ಕಾಯಿಲೆಯಾದರೆ ಚಿಕಿತ್ಸೆಯೂ ಇರುತ್ತದೆ.

ಮೊದಲು ಎಲ್ಲರೂ ಕಂಡಿರುವುದನ್ನೇ ನೋಡೋಣ. ಬಳಪ, ಸೀಮೆಸುಣ್ಣ, ಗೋಡೆಯ ಮಣ್ಣು, ಬೂದಿ ತಿನ್ನುವ ಮಕ್ಕಳಿದ್ದಾರೆ. ಬಸುರಿಯರು ತಿಂದರೆ ಬಯಕೆ ಎಂದು ಬಿಟ್ಟುಬಿಡುತ್ತೇವೆ. ಎರಡು ವರ್ಷ ದಾಟಿದವರು ಒಂದು ತಿಂಗಳಾದರೂ ಬಿಡದೆ ಇಂಥ ವಸ್ತು ತಿನ್ನುತ್ತಿದ್ದರೆ ಅದಕ್ಕೆ 'ಪೈಕಾ' ಎಂದು ಹೆಸರು. ಇದರ ಹಿಂದೆ ಅನೇಕ ಸಲ ಕಬ್ಬಿಣಾಂಶದ ಕೊರತೆ, ರಕ್ತಹೀನತೆ ಇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇತ್ತು. ಮಣ್ಣಿನ ಜೊತೆ ಜಂತುಹುಳುವಿನ ಮೊಟ್ಟೆಯೂ, ಹಳೆಯ ಬಣ್ಣದ ಚೂರಿನ ಜೊತೆ ಸೀಸದ ವಿಷವೂ ಹೊಟ್ಟೆ ಸೇರಬಹುದು.

ಕೈಗೆ ಹೊಡೆದರೆ ಮಗು ಕದ್ದು ತಿನ್ನುವುದನ್ನು ಕಲಿಯುತ್ತದೆ, ಅಷ್ಟೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಜಂತುಹುಳುವಿನ ಮಾತ್ರೆ ಕೊಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಎಸೆಯಬೇಡಿ. ಮಾತ್ರೆ ನುಂಗಿದ ಕೂಡಲೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ನಿಂಬೆರಸ ಕುಡಿದರೆ ಚೆನ್ನಾಗಿ ಹತ್ತುತ್ತದೆ.

ಎರಡನೆಯದು ಹರೆಯದಲ್ಲಿ ಬರುವಂಥದ್ದು. ಹುಡುಗಿ ಒಣಗಿ ಕಡ್ಡಿಯಾಗಿದ್ದರೂ ತಾನು ದಪ್ಪ ಎನ್ನುತ್ತಾಳೆ. ಎಲ್ಲರ ಜೊತೆ ತಟ್ಟೆಗೆ ಕೂರುವುದಿಲ್ಲ, ಆಗಲೇ ಉಂಡೆ ಎನ್ನುತ್ತಾಳೆ. ಮುಟ್ಟು ನಿಲ್ಲುತ್ತದೆ, ತಲೆ ಸುತ್ತುತ್ತದೆ. ಇದು ಇಂದಿನ ಮೊಬೈಲ್ ಕಾಲದ ಶೋಕಿಯಲ್ಲ. 1873ರಲ್ಲೇ ಲಂಡನ್ನಿನ ವೈದ್ಯ ವಿಲಿಯಂ ಗಲ್ ಇದಕ್ಕೆ 'ಅನೊರೆಕ್ಸಿಯಾ ನರ್ವೋಸಾ' ಎಂದು ಹೆಸರಿಟ್ಟರು. ಒಮ್ಮೆಲೇ ಅತಿಯಾಗಿ ತಿಂದು ಗುಟ್ಟಾಗಿ ವಾಂತಿ ಮಾಡುವ 'ಬುಲಿಮಿಯಾ'ವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ವಿವರಿಸಿದರು. ಅಂಥವರ ತೂಕ ಸರಿಯಾಗಿಯೇ ಇರಬಹುದು. ಆದರೆ ರಕ್ತದ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು. ನಮ್ಮ ದೇಶದಲ್ಲಿ ಕೆಲವರು ದಪ್ಪವಾಗುವ ಭಯವನ್ನೇ ಹೇಳುವುದಿಲ್ಲ, ಹೊಟ್ಟೆ ಉಬ್ಬರ, ಹಸಿವಿಲ್ಲ ಎನ್ನುತ್ತಾರೆ. ಹುಡುಗರಿಗೂ ಈ ಕಾಯಿಲೆ ಬರುತ್ತದೆ.

ರಂಜಾನ್ ಬಗ್ಗೆ ಒಂದು ಮಾತು. ರೋಜಾ ಇಬಾದತ್, ಅದು ಕಾಯಿಲೆಯಲ್ಲ. ಇಫ್ತಾರ್ ಹೊತ್ತಿಗೆ ರೋಜಾದಾರ ಸಂತೋಷದಿಂದ ಉಣ್ಣುತ್ತಾನೆ. ಆದರೆ ಇಫ್ತಾರಿಗೂ ತಿನ್ನದೆ, ಸಹರಿಗೂ ಏಳದೆ, ತಿಂಗಳು ಮುಗಿದ ಮೇಲೂ ಉಪವಾಸ ಮುಂದುವರಿಸುವ ಮಗುವನ್ನು ಭಕ್ತಿ ಹೆಚ್ಚೆಂದು ಹೊಗಳಬೇಡಿ, ಕೂರಿಸಿಕೊಂಡು ವಿಚಾರಿಸಿ. ರೋಗಿಗೆ ರೋಜಾದಿಂದ ರಿಯಾಯಿತಿ ಇದೆಯೆಂದು ಕುರ್‌ಆನ್ ಸ್ಪಷ್ಟವಾಗಿ ಹೇಳಿದೆ. ದುವಾ ಮಾಡಿ, ಆದರೆ ಗಾಳಿ ಸೋಕಿದೆಯೆಂದು ತಾಯತ ಕಟ್ಟಿ ಆಸ್ಪತ್ರೆಯನ್ನು ಮುಂದೂಡಬೇಡಿ.

ಚಿಕಿತ್ಸೆ ಹೇಗೆ? ವೈದ್ಯರು ಮೊದಲು ತೂಕ, ನಾಡಿ, ರಕ್ತದೊತ್ತಡ, ರಕ್ತದ ಲವಣಾಂಶ ನೋಡುತ್ತಾರೆ. ಬಹುದಿನ ಉಣ್ಣದವರಿಗೆ ಒಮ್ಮೆಲೇ ಹೆಚ್ಚು ಉಣಿಸಿದರೆ ರಕ್ತದ ರಂಜಕಾಂಶ ಕುಸಿದು ಜೀವಕ್ಕೇ ಅಪಾಯ. ವೈದ್ಯರ ಕಣ್ಣಳತೆಯಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಹರೆಯದವರಿಗೆ ಮನೆಯವರೇ ಜೊತೆಗೆ ಕೂತು ಉಣಿಸುವ ಕ್ರಮ 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡಿತು. ಬುಲಿಮಿಯಾಕ್ಕೆ ಆಪ್ತಸಮಾಲೋಚನೆಯೂ ಮಾತ್ರೆಯೂ ಇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ; ಬೇಕಾದರೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

ತಾಯಂದಿರೇ, ದಪ್ಪಗಿದ್ದರೆ ಯಾರು ನಿಕಾಹ್ ಮಾಡಿಕೊಳ್ಳುತ್ತಾರೆ ಎಂಬ ಮಾತು ಮನೆಯಲ್ಲಿ ಬೇಡ. ವಿದ್ಯಾರ್ಥಿಗಳೇ, ಗೆಳತಿಯ ಬುತ್ತಿ ದಿನವೂ ತುಂಬಿದಂತೆಯೇ ಮನೆಗೆ ಹೋಗುತ್ತಿದ್ದರೆ ಗೇಲಿ ಮಾಡಬೇಡಿ, ಟೀಚರಿಗೆ ತಿಳಿಸಿ. ನೀವು ಹೇಳುವ ಆ ಒಂದು ಮಾತಿನಿಂದ ಅವಳ ಓದು ಉಳಿಯಬಹುದು, ಜೀವವೂ ಉಳಿಯಬಹುದು.

ಅಲ್ಲಾಹನು ನಮ್ಮೆಲ್ಲರ ಮಕ್ಕಳಿಗೆ ಆರೋಗ್ಯ ಕರುಣಿಸಲಿ, ಆಮೀನ್.