ಎದ್ದು ಬಂದವರು, ಎಬ್ಬಿಸಲ್ಪಟ್ಟವರು



ಈ ದಿಕ್ಸೂಚಿ ಭಾಷಣಕ್ಕೆ ಸಂಘಟಕರು ಕೊಟ್ಟ ವಿಷಯ ‘ವಲಸೆ ಮತ್ತು ನಾವು’. ಇಂಥ ಸಭೆಗಳಲ್ಲಿ ಈ ವಿಷಯದ ಮೇಲೆ ನಾವು ಏನೇನು ಮಾತಾಡುತ್ತೇವೆ ಅಂತ ನಿಮಗೂ ಗೊತ್ತು. ಎರಡು ಸೂಟ್‌ಕೇಸು, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ, ವಿಮಾನ ನಿಲ್ದಾಣದ ಕಣ್ಣೀರು. ನಾನೂ ಅದನ್ನೇ ಬರೆಯಲು ಕುಳಿತೆ. ಆದರೆ ಈ ಸಮ್ಮೇಳನ ನಡೆಯುತ್ತಿರುವುದು ಟ್ಯಾಂಪಾದಲ್ಲಿ. ಇಲ್ಲಿ ನಿಂತು ಬರೀ ನಮ್ಮ ವಲಸೆಯ ಕಥೆ ಹೇಳಲು ಮನಸ್ಸು ಒಪ್ಪಲಿಲ್ಲ.

ಫ್ಲಾರಿಡಾದ ಶಾಲೆಗಳಲ್ಲಿ ನಾಲ್ಕನೇ ತರಗತಿಗೆ ಈ ರಾಜ್ಯದ ಚರಿತ್ರೆ ಕಲಿಸುತ್ತಾರೆ. ನನ್ನ ಮಗಳು ಆ ತರಗತಿಯಲ್ಲಿದ್ದಾಗ ಒಂದು ಸಂಜೆ ಅಡುಗೆಮನೆಗೆ ಬಂದು ಕೇಳಿದಳು: “ಅಮ್ಮಾ, ಸೆಮಿನೋಲರು ಓಕ್ಲಹೋಮಾಕ್ಕೆ ಹೋದರಂತೆ. ಅವರೂ ನಮ್ಮ ಥರ ವಲಸೆ ಹೋದವರಾ?” ಒಲೆಯ ಮೇಲೆ ಒಗ್ಗರಣೆ ಸೀಯುತ್ತಿತ್ತು. “ಹೂಂ ಪುಟ್ಟಿ, ನಮ್ಮ ಥರಾನೇ” ಅಂದುಬಿಟ್ಟೆ. ಅವಳು ಹಾಗೇ ಬರೆದುಕೊಂಡಳು. ಆ ಉತ್ತರ ತಪ್ಪು ಅಂತ ಗೊತ್ತಾಗಲು ನನಗೆ ಕೆಲವು ವರ್ಷ ಬೇಕಾಯಿತು. ಇವತ್ತು ಅದನ್ನು ನಿಮ್ಮೆಲ್ಲರ ಎದುರು ತಿದ್ದಿಕೊಳ್ಳುತ್ತೇನೆ.

ಸೆಮಿನೋಲರು ಯಾರು? 18ನೇ ಶತಮಾನದಲ್ಲಿ ಈಗಿನ ಜಾರ್ಜಿಯಾ, ಅಲಬಾಮಾ ಕಡೆಯಿಂದ ಮಸ್ಕೋಗಿ, ಹಿಚಿಟಿ ಮಾತಾಡುವ ಜನ ಗುಂಪುಗುಂಪಾಗಿ ಸ್ಪೇನಿನ ಕೈಯಲ್ಲಿದ್ದ ಫ್ಲಾರಿಡಾಕ್ಕೆ ಬಂದು ನೆಲೆಸಿದರು. ‘ಸಿಮರ್ರೋನ್’ ಎಂಬ ಸ್ಪ್ಯಾನಿಷ್ ಪದ ಅವರ ನಾಲಗೆಯಲ್ಲಿ ತಿರುಗಿ ‘ಸೆಮಿನೋಲ್’ ಆಯಿತು. ಪಳಗದವರು, ಹಿಡಿತಕ್ಕೆ ಸಿಗದವರು ಎಂದು ಅದರ ಅರ್ಥ. ಅವರು ಮೆಕ್ಕೆಜೋಳ ಬೆಳೆದರು, ದನದ ಮಂದೆಗಳನ್ನು ಸಾಕಿದರು. ಕೆರೊಲಿನಾ, ಜಾರ್ಜಿಯಾದ ತೋಟಗಳಿಂದ ತಪ್ಪಿಸಿಕೊಂಡು ಬಂದ ಕಪ್ಪು ಗುಲಾಮರು ಅವರ ಪಕ್ಕದಲ್ಲೇ ಊರು ಕಟ್ಟಿಕೊಂಡರು. ಅವರಲ್ಲಿ ಕೆಲವರು ಹೆಸರಿಗೆ ಸೆಮಿನೋಲ್ ಮುಖಂಡರ ಒಡೆತನದಲ್ಲಿದ್ದರೂ ಬೆಳೆಯ ಒಂದು ಪಾಲು ಕೊಟ್ಟು ತಮ್ಮ ಪಾಡಿಗೆ ತಾವು ಬದುಕುತ್ತಿದ್ದರು. ಇದನ್ನು ನೆನಪಿಡಿ. ಸೆಮಿನೋಲರನ್ನು ಇಲ್ಲಿಂದ ಹೊರಹಾಕಬೇಕೆಂಬ ಒತ್ತಡಕ್ಕೆ ಭೂಮಿಯ ಆಸೆ ಒಂದು ಕಾರಣ. ಓಡಿಬಂದ ಗುಲಾಮರಿಗೆ ಇಲ್ಲಿ ಆಸರೆ ಸಿಗುತ್ತದೆ ಎಂಬ ತೋಟದ ಮಾಲೀಕರ ಸಿಟ್ಟು ಇನ್ನೊಂದು.

1821ರಲ್ಲಿ ಫ್ಲಾರಿಡಾ ಅಮೆರಿಕದ ಕೈಸೇರಿತು. 1823ರ ಮೌಲ್ಟ್ರಿ ಕ್ರೀಕ್ ಒಪ್ಪಂದದಲ್ಲಿ ಸೆಮಿನೋಲರು ಉತ್ತರದ ಫಲವತ್ತಾದ ನೆಲ ಬಿಟ್ಟು ಒಳನಾಡಿನ ಒಂದು ಮೀಸಲು ಪ್ರದೇಶಕ್ಕೆ ಸರಿಯಬೇಕಾಯಿತು. ಏಳೇ ವರ್ಷಕ್ಕೆ, 1830ರಲ್ಲಿ, ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ‘ಇಂಡಿಯನ್ ರಿಮೂವಲ್ ಆಕ್ಟ್’ಗೆ ಸಹಿ ಹಾಕಿದರು. ಮಿಸಿಸಿಪ್ಪಿ ನದಿಯ ಪೂರ್ವಕ್ಕಿದ್ದ ಮೂಲನಿವಾಸಿಗಳನ್ನೆಲ್ಲ ಪಶ್ಚಿಮಕ್ಕೆ ಸಾಗಿಸುವ ಕಾನೂನು ಅದು. 1832ರಲ್ಲಿ ಪೇಯ್ನ್ಸ್ ಲ್ಯಾಂಡಿಂಗ್ ಎಂಬಲ್ಲಿ ಇನ್ನೊಂದು ಒಪ್ಪಂದ. ಏಳು ಮುಖಂಡರು ಹೋಗಿ ಪಶ್ಚಿಮದ ನೆಲ ನೋಡಿ ಬರಬೇಕು, ಒಪ್ಪಿಗೆಯಾದರೆ ಜನ ಹೊರಡಬೇಕು ಎಂಬ ಮಾತು. ನೋಡಲು ಹೋದವರಿಂದ ಅಲ್ಲಿಯೇ, ಫೋರ್ಟ್ ಗಿಬ್ಸನ್‌ನಲ್ಲಿ, ಇನ್ನೊಂದು ಕಾಗದಕ್ಕೆ ಗುರುತು ಹಾಕಿಸಿಕೊಂಡರು. ಒತ್ತಾಯದಿಂದ ಹಾಕಿಸಿದ್ದು, ಇಡೀ ಜನರ ಪರವಾಗಿ ಒಪ್ಪುವ ಅಧಿಕಾರ ನಮಗಿರಲಿಲ್ಲ ಎಂದು ಮುಖಂಡರು ಆಮೇಲೆ ಹೇಳಿದರು. ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ.

1835ರ ಡಿಸೆಂಬರ್ 28ರಂದು ಯುದ್ಧ ಹೊತ್ತಿಕೊಂಡಿತು. ಟ್ಯಾಂಪಾದ ಫೋರ್ಟ್ ಬ್ರೂಕ್‌ನಿಂದ ಹೊರಟಿದ್ದ ಮೇಜರ್ ಡೇಡ್‌ನ ನೂರಕ್ಕೂ ಹೆಚ್ಚು ಸೈನಿಕರ ತುಕಡಿ ದಾರಿಯಲ್ಲೇ ಹೆಚ್ಚುಕಡಿಮೆ ಪೂರ್ತಿ ನಾಶವಾಯಿತು. ಅದೇ ದಿನ ಒಸಿಯೋಲ ಎಂಬ ನಾಯಕ ಸರ್ಕಾರದ ಏಜೆಂಟನನ್ನು ಕೊಂದ. ಯುದ್ಧ 1842ರವರೆಗೆ ನಡೆಯಿತು. ಅಮೆರಿಕದ ಸುಮಾರು 1500 ಸೈನಿಕರು ಸತ್ತರು, ಹೆಚ್ಚಿನವರು ಕಾಯಿಲೆಯಿಂದ. 1837ರ ಅಕ್ಟೋಬರಿನಲ್ಲಿ ಮಾತುಕತೆಗೆಂದು ಬಿಳಿ ಬಾವುಟ ಹಿಡಿದು ಬಂದಿದ್ದ ಒಸಿಯೋಲನನ್ನು ಜನರಲ್ ಜೆಸಪ್‌ನ ಆಜ್ಞೆಯಂತೆ ಸೆರೆಹಿಡಿದರು. ಮೂರು ತಿಂಗಳ ನಂತರ ಅವನು ಸೆರೆಯಲ್ಲೇ ತೀರಿಕೊಂಡ. ಬಿಳಿ ಬಾವುಟಕ್ಕೆ ಮೋಸ ಮಾಡಿದ್ದಕ್ಕೆ ಆಗಲೇ ಅಮೆರಿಕದ ಪತ್ರಿಕೆಗಳಲ್ಲೂ ಛೀಮಾರಿ ಬಿತ್ತು.

ಹಿಡಿದವರನ್ನು, ಹಸಿವಿನಿಂದ ಸೋತು ಬಂದವರನ್ನು ಕೂಡಿಹಾಕಿ ಹಡಗು ಹತ್ತಿಸಿದ್ದು ಇಲ್ಲಿಯೇ, ಇದೇ ಟ್ಯಾಂಪಾ ಕೊಲ್ಲಿಯಲ್ಲಿ. ಇಲ್ಲಿಂದ ನ್ಯೂ ಆರ್ಲಿಯನ್ಸ್, ಅಲ್ಲಿಂದ ಮಿಸಿಸಿಪ್ಪಿ ಮತ್ತು ಅರ್ಕನ್ಸಾ ನದಿಗಳ ಮೇಲೆ ಈಗಿನ ಓಕ್ಲಹೋಮಾಕ್ಕೆ. ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ಸಾಗಿಸಿದರು. ದಾರಿಯಲ್ಲಿ ಸತ್ತವರು ಬಹಳ. ಫೋರ್ಟ್ ಬ್ರೂಕ್ ಇದ್ದದ್ದು ಇವತ್ತಿನ ಡೌನ್‌ಟೌನಿನಲ್ಲಿ, ಹಿಲ್ಸ್‌ಬರೋ ನದಿ ಕೊಲ್ಲಿಗೆ ಸೇರುವ ಕಡೆ. ನಿನ್ನೆ ಸಂಜೆ ನಮ್ಮಲ್ಲಿ ಎಷ್ಟೋ ಜನ ಅಲ್ಲೇ ವಾಕಿಂಗ್ ಹೋಗಿ ಫೋಟೋ ತೆಗೆದುಕೊಂಡು ಬಂದೆವು.

ಈಗ ಮಗಳ ಪ್ರಶ್ನೆಗೆ ಬರುತ್ತೇನೆ. ‘ರಿಮೂವಲ್’ ಎಂಬುದು ಬಟ್ಟೆಯ ಕಲೆ ತೆಗೆಯುವುದಕ್ಕೂ ಸಲ್ಲುವ ಪದ. ಕಚೇರಿಯ ಕಾಗದಕ್ಕೆ ಅದು ಸಾಕು. ನಮ್ಮ ಕನ್ನಡದಲ್ಲಿ ಊರು ಬಿಡುವುದಕ್ಕೆ ಬೇರೆಬೇರೆ ಪದಗಳಿವೆ. ಇರುವುದಕ್ಕಿಂತ ಚೆನ್ನಾಗಿ ಬದುಕೋಣವೆಂದು ಹೊರಟರೆ ವಲಸೆ. ಮಳೆ ಕೈಕೊಟ್ಟು ಹೊಟ್ಟೆಪಾಡಿಗೆ ಹೊರಟರೆ ಗುಳೆ. ಇರುವ ಮನೆಯಿಂದ ಬಲವಂತವಾಗಿ ಹೊರದೂಡಿದರೆ ಅದು ಒಕ್ಕಲೆಬ್ಬಿಸುವುದು. ಈ ಮೂರನೆಯದರ ಭಾರ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಮ್ಮದು ಶರಾವತಿ ಕಣಿವೆಯ ಮುಳುಗಡೆಯ ಮನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಮೊದಲೇ ಅಜ್ಜಿ ಪಾತ್ರೆ-ಪಡಗ ಲಾರಿಗೆ ತುಂಬಿ, ತುಳಸಿಕಟ್ಟೆಗೆ ಕೈಮುಗಿದು ಹೊರಟವರು. “ನಾವು ಊರು ಬಿಟ್ಟದ್ದಲ್ಲ, ನಮ್ಮನ್ನ ಎಬ್ಬಿಸಿದ್ದು” ಅಂತ ಕೊನೆಯವರೆಗೂ ತಿದ್ದುತ್ತಿದ್ದರು. ಅಜ್ಜಿಯ ಮೇಲೆ ಯಾರೂ ಗುಂಡು ಹಾರಿಸಲಿಲ್ಲ, ಎರಡನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಆ ಅಜ್ಜಿಯ ಮೊಮ್ಮಗಳಾಗಿ ನಾನು ಮಗಳಿಗೆ “ನಮ್ಮ ಥರಾನೇ” ಎನ್ನಬಾರದಿತ್ತು. ನಾನು ವೀಸಾ ಹಿಡಿದು ಎದ್ದು ಬಂದವಳು. ವಾಪಸು ಹೋಗುವ ದಾರಿ ನನಗೆ ಇವತ್ತಿಗೂ ತೆರೆದಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಬರೀ ಮರುಕದ ಕಥೆಯಾಗುತ್ತಿತ್ತು. ಎಲ್ಲರೂ ಹೋಗಲಿಲ್ಲ. ಅಬಿಯಾಕ ಎಂಬ ಮುದಿ ನಾಯಕನ ಹಿಂದೆ ಕೆಲವು ನೂರು ಜನ ದಕ್ಷಿಣದ ಜೌಗು ಕಾಡುಗಳಲ್ಲಿ ಉಳಿದರು. 1855ರಿಂದ 58ರವರೆಗಿನ ಮೂರನೇ ಯುದ್ಧಕ್ಕೂ ಅವರನ್ನು ಪೂರ್ತಿ ತೆಗೆಯಲಾಗಲಿಲ್ಲ. ಪಾಲಿ ಪಾರ್ಕರ್ ಎಂಬ ಹೆಣ್ಣುಮಗಳ ಕಥೆಯನ್ನು ಸೆಮಿನೋಲರು ತಮ್ಮ ಮಕ್ಕಳಿಗೆ ಹೇಳುತ್ತಾರೆ. 1858ರಲ್ಲಿ ಈ ಕೊಲ್ಲಿಯ ಬಾಯಲ್ಲಿರುವ ಎಗ್ಮಾಂಟ್ ದ್ವೀಪದಲ್ಲಿ ಕೂಡಿಹಾಕಿದ್ದವರನ್ನು ಹಡಗಿನಲ್ಲಿ ಒಯ್ಯುವಾಗ, ಸೇಂಟ್ ಮಾರ್ಕ್ಸ್ ಬಳಿ ಅದು ನಿಂತಿತು. ಔಷಧಿಯ ಸೊಪ್ಪು ಕಿತ್ತು ತರುತ್ತೇವೆಂದು ಕಾವಲಿನವರನ್ನು ಒಪ್ಪಿಸಿ ದಡಕ್ಕಿಳಿದ ಆಕೆ, ಕೆಲವರೊಂದಿಗೆ ಕಾಡು ಹೊಕ್ಕು, ನೂರಾರು ಮೈಲಿ ನಡೆದು ಓಕಿಚೋಬಿ ಕೆರೆಯ ಸೀಮೆಗೆ ಮರಳಿದಳಂತೆ. ಆಕೆಯ ವಂಶದವರು ಇವತ್ತಿಗೂ ಇಲ್ಲಿದ್ದಾರೆ.

ಹಾಗೆ ಉಳಿದವರ ಮಕ್ಕಳು ಮೊಮ್ಮಕ್ಕಳು 1957ರಲ್ಲಿ ‘ಸೆಮಿನೋಲ್ ಟ್ರೈಬ್ ಆಫ್ ಫ್ಲಾರಿಡಾ’ ಕಟ್ಟಿಕೊಂಡರು. ಬೆಟ್ಟಿ ಮೇ ಜಂಪರ್ ಅವರಿಗೆ ಫ್ಲಾರಿಡಾದ ಬಿಳಿಯರ ಶಾಲೆಯೂ ಕಪ್ಪುಜನರ ಶಾಲೆಯೂ ಬಾಗಿಲು ತೆರೆಯಲಿಲ್ಲ. ಉತ್ತರ ಕೆರೊಲಿನಾಕ್ಕೆ ಹೋಗಿ ಓದಿದ ಆ ಹುಡುಗಿ 1967ರಲ್ಲಿ ತನ್ನ ಜನರ ಮೊದಲ ಮಹಿಳಾ ಅಧ್ಯಕ್ಷೆಯಾದರು. ಊರಿಂದ ನೆಂಟರು ಬಂದಾಗ ಹಾಲಿವುಡ್ ಪಟ್ಟಣದ ಗಿಟಾರ್ ಆಕಾರದ ಹೋಟೆಲು ತೋರಿಸಲು ಕರೆದೊಯ್ಯುತ್ತೇವಲ್ಲ, ಅದು ಈ ಜನರದೇ. ಹಾರ್ಡ್ ರಾಕ್ ಕಂಪನಿಯನ್ನು ಅವರು 2007ರಲ್ಲಿ ಕೊಂಡರು. ಆದರೂ ಅವರ ನಿಜವಾದ ಆತಂಕ ದುಡ್ಡಿನದಲ್ಲ, ಭಾಷೆಯದು. ಮಿಕಸುಕಿ, ಮಸ್ಕೋಗಿ ಎರಡನ್ನೂ ಸರಾಗವಾಗಿ ಆಡುವ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಬ್ರೈಟನ್‌ನ ಶಾಲೆಯಲ್ಲಿ ಮಕ್ಕಳಿಗೆ ಮಸ್ಕೋಗಿ ಕಲಿಸುತ್ತಿದ್ದಾರೆ. ಭಾನುವಾರದ ನಮ್ಮ ಕನ್ನಡ ತರಗತಿಯ ಕಷ್ಟ ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಒಂದೇ ವ್ಯತ್ಯಾಸ. ನಾವು ಇಲ್ಲಿ ಕನ್ನಡ ಮರೆತರೂ ಅಲ್ಲಿ ಕೋಟಿಗಟ್ಟಲೆ ಜನ ಮಾತಾಡುತ್ತಾರೆ. ಅವರು ಮಿಕಸುಕಿ ಮರೆತರೆ ಅದನ್ನು ಆಡುವ ಇನ್ನೊಂದು ದೇಶವಿಲ್ಲ.

ಕೊನೆಯದಾಗಿ ನಮ್ಮ ವಿಳಾಸಗಳನ್ನೇ ನೋಡಿ. ಜಾಕ್ಸನ್‌ವಿಲ್ ಆ ಜಾಕ್ಸನ್ ಹೆಸರು. ಮಯಾಮಿ-ಡೇಡ್ ಆ ಮೇಜರನ ಹೆಸರು. ಫೋರ್ಟ್ ಲಾಡರ್‌ಡೇಲ್ ಅದೇ ಯುದ್ಧದ ಇನ್ನೊಬ್ಬ ಮೇಜರನದು. ಹಾಗೇ ಒಸಿಯೋಲ ಕೌಂಟಿ ಇದೆ. ಟ್ಯಾಲಹಾಸಿ ಎಂದರೆ ಹಳೆಯ ಊರು, ಓಕಿಚೋಬಿ ಎಂದರೆ ದೊಡ್ಡ ನೀರು. ದಿನಾ ಬರೆಯುವ ಹೆಸರುಗಳಲ್ಲಿ ಎಬ್ಬಿಸಿದವರೂ ಇದ್ದಾರೆ, ಏಳದೆ ಕುಳಿತವರೂ ಇದ್ದಾರೆ. ಮುಂದಿನ ರಜೆಯಲ್ಲಿ ಥೀಮ್ ಪಾರ್ಕಿಗೆ ಹೋಗುವವರು ಒಂದು ದಿನ ಉಳಿಸಿ, ಬಿಗ್ ಸೈಪ್ರಸ್‌ನಲ್ಲಿ ಸೆಮಿನೋಲರೇ ನಡೆಸುವ ಆ-ಟಾ-ಥಿ-ಕಿ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕಲಿಯುವ ಜಾಗ, ನೆನೆಯುವ ಜಾಗ ಎಂದು ಆ ಹೆಸರಿನ ಅರ್ಥ. ಅವರ ಕಥೆಯನ್ನು ಅವರ ಬಾಯಿಂದಲೇ ಕೇಳಿ.

ನನ್ನ ಮಗಳು ಈಗ ಕಾಲೇಜಿನಲ್ಲಿದ್ದಾಳೆ, ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ. ಪುಟ್ಟಿ, ಅವತ್ತು ನಾನು ಹೇಳಿದ್ದು ತಪ್ಪು. ಅವರು ನಮ್ಮ ಥರ ವಲಸೆ ಹೋದವರಲ್ಲ. ಅವರನ್ನು ಎಬ್ಬಿಸಿದರು. ಕೆಲವರು ಏಳಲಿಲ್ಲ.