ಸೋಲಿಗೆ ಹೊಣೆ ಮ್ಯಾನೇಜರ್ ಒಬ್ಬರೇ?

(ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಕ್ರಿಕೆಟ್ ನೋಡಿ ಬೆಳೆದ ನಮಗೆ ಬೇಸ್‌ಬಾಲ್‌ನಲ್ಲಿ ಮೊದಲು ವಿಚಿತ್ರವಾಗಿ ಕಾಣುವುದು ಅದರ ಮ್ಯಾನೇಜರ್. ಮ್ಯಾನೇಜರ್ ಎಂದೊಡನೆ ಟಿಕೆಟು, ಹೋಟೆಲು, ಸಾಮಾನು ಸರಂಜಾಮು ನೋಡಿಕೊಳ್ಳುವವರು ಎಂದು ನಾವು ತಿಳಿಯುತ್ತೇವೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಅರವತ್ತು ದಾಟಿದವರೂ ಆಟಗಾರರಂತೆಯೇ ಸಮವಸ್ತ್ರ ತೊಟ್ಟು ಮೈದಾನದ ಅಂಚಿನಲ್ಲಿ ಕೂತಿರುತ್ತಾರೆ. ಯಾರು ಆಡಬೇಕು, ಯಾವ ಕ್ರಮದಲ್ಲಿ ಬ್ಯಾಟ್ ಹಿಡಿಯಬೇಕು, ಚೆಂಡೆಸೆಯುವ ಪಿಚರ್‌ನನ್ನು ಯಾವಾಗ ಬದಲಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಅವರೇ. ಒಮ್ಮೆ ಹೊರಗೆ ಕರೆಸಿದ ಆಟಗಾರ ಆ ಪಂದ್ಯಕ್ಕೆ ಮರಳುವಂತಿಲ್ಲ. ಬಾಣ ಬಿಟ್ಟ ಮೇಲೆ ಮುಗಿಯಿತು.

ತಂಡ ಸೋತಾಗ ಕೆಲಸ ಕಳೆದುಕೊಳ್ಳುವುದೂ ಅವರೇ. ಇದು ನ್ಯಾಯವೇ?

2003ರ ಅಕ್ಟೋಬರ್ 16ರ ರಾತ್ರಿಯನ್ನು ನೋಡಿ. ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಬಾಸ್ಟನ್ ರೆಡ್ ಸಾಕ್ಸ್ ತಂಡ 5-2ರಿಂದ ಮುಂದಿತ್ತು. ಎಂಟನೇ ಇನಿಂಗ್ಸ್, ಇನ್ನು ಐದು ಮಂದಿ ಔಟಾದರೆ ಸಾಕು, ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಗೆ ಪ್ರವೇಶ. 1918ರಿಂದ ಅದನ್ನು ಗೆಲ್ಲದ ಊರು ಅದು. ಪಿಚರ್ ಪೆಡ್ರೊ ಮಾರ್ಟಿನೆಜ್ ಅಷ್ಟು ಹೊತ್ತಿಗೆ ನೂರಕ್ಕೂ ಹೆಚ್ಚು ಚೆಂಡು ಎಸೆದಿದ್ದರು. ಯಾಂಕೀಸ್ ಒಂದು ರನ್ ಗಳಿಸಿದಾಗ ಮ್ಯಾನೇಜರ್ ಗ್ರೇಡಿ ಲಿಟಲ್ ಮೈದಾನಕ್ಕೆ ನಡೆದುಬಂದು ಮಾತಾಡಿಸಿದರು. ಆಗುತ್ತದೆ ಎಂದರು ಪೆಡ್ರೊ. ಲಿಟಲ್ ಒಬ್ಬರೇ ವಾಪಸು ಹೋದರು. ಮುಂದಿನ ಇಬ್ಬರು ಆಟಗಾರರ ಹೊಡೆತಗಳಲ್ಲಿ ಸ್ಕೋರು 5-5 ಆಯಿತು. ಹನ್ನೊಂದನೇ ಇನಿಂಗ್ಸ್‌ನಲ್ಲಿ ಬಾಸ್ಟನ್ ಸೋತಿತು. ಆ ತಿಂಗಳೇ ಲಿಟಲ್ ಅವರ ಗುತ್ತಿಗೆ ನವೀಕರಿಸುವುದಿಲ್ಲ ಎಂದಾಯಿತು.

ಈಗ 2020ಕ್ಕೆ ಬನ್ನಿ. ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಟ್ಯಾಂಪಾ ಬೇ ತಂಡದ ಬ್ಲೇಕ್ ಸ್ನೆಲ್ ಬರೇ 73 ಚೆಂಡು ಎಸೆದು ಒಂಬತ್ತು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ್ದರು. 1-0 ಮುನ್ನಡೆ. ಆದರೂ ಮ್ಯಾನೇಜರ್ ಕೆವಿನ್ ಕ್ಯಾಶ್ ಅವರನ್ನು ಹೊರಗೆ ಕರೆಸಿದರು. ಒಬ್ಬನೇ ಪಿಚರ್‌ನನ್ನು ಮೂರನೇ ಸಲ ಎದುರಿಸುವ ಬ್ಯಾಟರ್ ಹೆಚ್ಚು ಚೆನ್ನಾಗಿ ಹೊಡೆಯುತ್ತಾನೆ ಎಂಬುದು ಅಂಕಿ ಅಂಶಗಳಿಂದ ತಿಳಿದ ಸಂಗತಿ; ಕ್ಯಾಶ್ ನಡೆದದ್ದು ಅದರಂತೆಯೇ. ಲಾಸ್ ಏಂಜಲೀಸ್ ಡಾಡ್ಜರ್ಸ್ ಕೂಡಲೇ ಎರಡು ರನ್ ಗಳಿಸಿತು, 3-1ರಿಂದ ಗೆದ್ದು ಸರಣಿಯನ್ನೂ ಗೆದ್ದಿತು. ಉಳಿಸಿಕೊಂಡವರಿಗೂ ಬೈಗುಳ, ತೆಗೆದವರಿಗೂ ಬೈಗುಳ!

ಹಾಗಾದರೆ ಮ್ಯಾನೇಜರನ ತೂಕ ಅಳೆಯುವುದು ಹೇಗೆ? ಬಿಲ್ ಜೇಮ್ಸ್ ಎಂಬ ಲೇಖಕರು ಒಂದು ಸರಳ ಸೂತ್ರ ಕೊಟ್ಟರು. ತಂಡ ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ಗೆಲುವಿನ ಪ್ರಮಾಣ ಸಿಗುತ್ತದೆ. 800 ರನ್ ಗಳಿಸಿ 700 ಬಿಟ್ಟುಕೊಟ್ಟ ತಂಡ 162 ಪಂದ್ಯಗಳಲ್ಲಿ ಸುಮಾರು 92 ಗೆಲ್ಲಬೇಕು. ಹೆಚ್ಚಿನ ತಂಡಗಳು ಈ ಅಂದಾಜಿನಿಂದ ನಾಲ್ಕೈದು ಪಂದ್ಯಗಳಷ್ಟೇ ಆಚೀಚೆ ಆಗುತ್ತವೆ. ಆ ನಾಲ್ಕೈದರಲ್ಲೂ ಅದೃಷ್ಟದ ಪಾಲೆಷ್ಟು, ಮ್ಯಾನೇಜರನ ಚಾಣಾಕ್ಷತನದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಅಲ್ಲದೆ ಆ 800 ರನ್ ಬರಲು ಸರಿಯಾದವರನ್ನು ಆಡಿಸಿದ್ದೂ ಮ್ಯಾನೇಜರೇ ತಾನೆ? ಅದು ಈ ಸೂತ್ರಕ್ಕೆ ಸಿಕ್ಕುವುದಿಲ್ಲ.

ಸೂತ್ರಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಕಾನಿ ಮ್ಯಾಕ್ ಎಂಬ ಹಿರಿಯರ ಕಥೆ. ಇವರು ಸಮವಸ್ತ್ರವನ್ನೂ ತೊಡುತ್ತಿರಲಿಲ್ಲ. ಸೂಟು ಧರಿಸಿ, ಸ್ಕೋರಿನ ಹಾಳೆ ಬೀಸಿ ಸನ್ನೆ ಮಾಡುತ್ತಿದ್ದರು. 1901ರಿಂದ 1950ರವರೆಗೆ, ಐವತ್ತು ವರ್ಷ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡ ನಡೆಸಿದರು. 1914ರಲ್ಲಿ ತಂಡ 99 ಪಂದ್ಯ ಗೆದ್ದಿತು. ಆಗ ಫೆಡರಲ್ ಲೀಗ್ ಎಂಬ ಹೊಸ ಪ್ರತಿಸ್ಪರ್ಧಿ ಸಂಸ್ಥೆ ದುಡ್ಡು ಚೆಲ್ಲಿ ಆಟಗಾರರನ್ನು ಸೆಳೆಯುತ್ತಿತ್ತು. ಮ್ಯಾಕ್ ಕೆಲವರನ್ನು ಮಾರಿದರು, ಕೆಲವರನ್ನು ಬಿಟ್ಟುಕೊಟ್ಟರು. 1915ರಲ್ಲಿ ಗೆಲುವು 43, ಮರುವರ್ಷ 36. ಅದೇ ಮೈದಾನ, ಅದೇ ಮ್ಯಾನೇಜರ್, ಅದೇ ತಲೆ! ಸತತ ಏಳು ವರ್ಷ ತಂಡ ಕೊನೆಯ ಸ್ಥಾನದಲ್ಲಿತ್ತು. ಮಾಲೀಕತ್ವದಲ್ಲೂ ಪಾಲಿದ್ದ ಕಾರಣ ಅವರನ್ನು ಕಿತ್ತುಹಾಕುವವರಿರಲಿಲ್ಲ. ಒಳ್ಳೆಯ ಆಟಗಾರರು ಮತ್ತೆ ಕೂಡಿದ ಮೇಲೆ 1929 ಮತ್ತು 1930ರಲ್ಲಿ ವರ್ಲ್ಡ್ ಸೀರೀಸ್ ಗೆದ್ದರು.

ಕೇಸಿ ಸ್ಟೆಂಗಲ್ ಅವರದೂ ಇಂಥದೇ ಕಥೆ. ಬ್ರೂಕ್ಲಿನ್, ಬಾಸ್ಟನ್ ತಂಡಗಳಲ್ಲಿ ಒಂಬತ್ತು ವರ್ಷ ಹೆಣಗಿದರೂ ಐದನೇ ಸ್ಥಾನದ ಮೇಲೆ ಏರಲಿಲ್ಲ. ಯಾಂಕೀಸ್‌ನಲ್ಲಿ 1949ರಿಂದ 12 ವರ್ಷಗಳಲ್ಲಿ ಏಳು ವರ್ಲ್ಡ್ ಸೀರೀಸ್. ಬಳಿಕ ಹೊಸ ಮೆಟ್ಸ್ ತಂಡಕ್ಕೆ ಹೋದರು. 1962ರಲ್ಲಿ 120 ಸೋಲು. ಆದರೆ ಯಾಂಕೀಸ್ ಗೆಲುವೆಲ್ಲ ಆಟಗಾರರದ್ದೇ ಎಂದರೆ ಸ್ಟೆಂಗಲ್‌ಗೆ ಅನ್ಯಾಯವಾದೀತು. ಎಡಗೈ ಪಿಚರ್ ಎದುರು ಬಲಗೈ ಬ್ಯಾಟರ್, ಬಲಗೈಯವನ ಎದುರು ಎಡಗೈ ಬ್ಯಾಟರ್ ಎಂದು ಜೋಡಿ ಮಾಡಿ, ಅರ್ಧ ಆಟಗಾರರಿಂದ ಪೂರ್ತಿ ಕೆಲಸ ತೆಗೆದವರು ಅವರು.

ನನ್ನ ಮಟ್ಟಿಗೆ ಮ್ಯಾನೇಜರನ ನಿಜವಾದ ಕೆಲಸ ಟಿವಿಯಲ್ಲಿ ಕಾಣುವುದಿಲ್ಲ. ಆರು ತಿಂಗಳು, ಹೆಚ್ಚುಕಡಿಮೆ ದಿನವೂ ಪಂದ್ಯ. ಯಾರಿಗೆ ವಿಶ್ರಾಂತಿ ಕೊಡಬೇಕು, ನೋವು ಮುಚ್ಚಿಟ್ಟು ಆಡುತ್ತಿರುವವರು ಯಾರು, ಬೆಂಚಿನಲ್ಲಿ ಕೂತು ಮುನಿಸಿಕೊಂಡವರು ಯಾರು ಎಂದು ನೋಡಿಕೊಳ್ಳುವುದೇ ಹೆಚ್ಚು. ಇದಕ್ಕೆ ಅಂಕಿ ಇಲ್ಲ. ಹಾಗೆಂದು ಬೆಲೆ ಇಲ್ಲ ಎನ್ನಲಾಗದು.

ಅಂದ ಹಾಗೆ, ಆ ಸೋಲಿನ ಮರುತಿಂಗಳೇ ಕೆವಿನ್ ಕ್ಯಾಶ್‌ಗೆ ಅಮೆರಿಕನ್ ಲೀಗ್‌ನ ವರ್ಷದ ಮ್ಯಾನೇಜರ್ ಪ್ರಶಸ್ತಿ ಬಂತು. ಅದಕ್ಕೆ ಮತದಾನ ಅಂತಿಮ ಹಂತದ ಪಂದ್ಯಗಳಿಗೆ ಮೊದಲೇ ನಡೆದಿರುತ್ತದೆ. ಗ್ರೇಡಿ ಲಿಟಲ್ ಬಾಸ್ಟನ್‌ನಲ್ಲಿದ್ದದ್ದು ಎರಡೇ ವರ್ಷ. 2002ರಲ್ಲಿ 93, 2003ರಲ್ಲಿ 95 ಪಂದ್ಯ ಗೆದ್ದುಕೊಟ್ಟಿದ್ದರು. 2004ರಲ್ಲಿ ಹೊಸ ಮ್ಯಾನೇಜರ್ ಟೆರಿ ಫ್ರಾಂಕೋನಾ ಕೈಕೆಳಗೆ ಬಾಸ್ಟನ್ ವರ್ಲ್ಡ್ ಸೀರೀಸ್ ಗೆದ್ದಿತು. ಪೆಡ್ರೊ ಮಾರ್ಟಿನೆಜ್ ಆ ತಂಡದಲ್ಲಿದ್ದರು.