ಬೇರಿಗೆ ದಾರಿ ಬಿಡದ ಮಣ್ಣು

ಮಕ್ಕಳೇ, ಆಗಸ್ಟ್ ತಿಂಗಳಲ್ಲಿ ದಾವಣಗೆರೆ, ಹಾವೇರಿ ಕಡೆ ಹೋದರೆ ರಸ್ತೆಯ ಎರಡೂ ಬದಿಯಲ್ಲಿ ಮೆಕ್ಕೆಜೋಳ ಕಾಣುತ್ತದೆ. ಒಂದು ಹೊಲದ ಬದುವಿನ ಹತ್ತಿರ ನಿಂತು ನೋಡಿ. ನಡುಹೊಲದಲ್ಲಿ ಪೈರು ಆಳೆತ್ತರ ಬೆಳೆದಿದ್ದರೂ, ಟ್ರ್ಯಾಕ್ಟರ್ ತಿರುಗಿಸಿಕೊಳ್ಳುವ ಅಂಚಿನಲ್ಲಿ ಎಷ್ಟೋ ಕಡೆ ಗಿಡಗಳು ಸೊಂಟದ ಮಟ್ಟಕ್ಕೇ ನಿಂತುಬಿಟ್ಟಿರುತ್ತವೆ. ಎಲೆಯೂ ಹಳದಿಗಟ್ಟಿರುತ್ತದೆ. ಬೀಜ ಅದೇ, ಗೊಬ್ಬರ ಅದೇ, ಸುರಿದ ಮಳೆಯೂ ಅದೇ. ಕಾರಣ ನೆಲದೊಳಗಿದೆ.

ಒಳ್ಳೆಯ ಹೊಲದಲ್ಲಿ ಒಂದು ಬೊಗಸೆ ಮಣ್ಣು ತೆಗೆದರೆ, ಅದರಲ್ಲಿ ಸುಮಾರು ಅರ್ಧ ಮಾತ್ರ ಮಣ್ಣಿನ ಕಣ. ಉಳಿದರ್ಧ ಕಣಗಳ ನಡುವಿನ ಸಂದು. ಸಣ್ಣ ಸಂದುಗಳು ನೀರನ್ನು ಹಿಡಿದಿಡುತ್ತವೆ. ದೊಡ್ಡವುಗಳಲ್ಲಿ ಮಳೆನೀರು ಕೆಳಗಿಳಿಯುತ್ತದೆ, ಗಾಳಿ ಓಡಾಡುತ್ತದೆ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕಲ್ಲವೇ? ಎರಡು ಮೂರು ಟನ್ ಭಾರದ ಟ್ರ್ಯಾಕ್ಟರ್ ಹಸಿ ನೆಲದ ಮೇಲೆ ಓಡಿದಾಗ ಮೊದಲು ಮುಚ್ಚಿಹೋಗುವುದು ಈ ದೊಡ್ಡ ಸಂದುಗಳೇ. ಒದ್ದೆ ಕಣಗಳು ಸುಲಭವಾಗಿ ಜಾರಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಹೆಚ್ಚಿನ ಹಾನಿ ಚಕ್ರ ಮೊದಲ ಸಲ ಹಾದುಹೋದಾಗಲೇ ಆಗಿಬಿಡುತ್ತದೆ.

ಇದನ್ನು ನೀವೇ ಮಾಡಿ ನೋಡಬಹುದು. ತಳಕ್ಕೆ ತೂತು ಮಾಡಿದ ಎರಡು ಡಬ್ಬಿಗಳಿಗೆ ಒಂದೇ ಹೊಲದ ಮಣ್ಣು ತುಂಬಿ. ಒಂದರ ಮಣ್ಣನ್ನು ಸ್ವಲ್ಪ ನೀರು ಚಿಮುಕಿಸಿ ಮುಷ್ಟಿಯಿಂದ ಚೆನ್ನಾಗಿ ಅದುಮಿ, ಇನ್ನೊಂದನ್ನು ಹಾಗೇ ಬಿಡಿ. ಎರಡಕ್ಕೂ ಒಂದೊಂದು ಲೋಟ ನೀರು ಹೊಯ್ಯಿರಿ. ಅದುಮಿದ ಡಬ್ಬಿಯಲ್ಲಿ ನೀರು ಎಷ್ಟು ಹೊತ್ತು ಮೇಲೆಯೇ ನಿಲ್ಲುತ್ತದೆ, ಗಮನಿಸಿ. ಬಿಗಿಯಾದ ಹೊಲದಲ್ಲೂ ಹೀಗೆಯೇ. ಮೆಕ್ಕೆಜೋಳಕ್ಕೆ ಬುಡದಲ್ಲಿ ನೀರು ನಿಂತರೆ ಆಗುವುದಿಲ್ಲ. ಗಾಳಿಯಿಲ್ಲದ ಮಣ್ಣಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಗೊಬ್ಬರದ ಸಾರಜನಕವನ್ನು ಅನಿಲವಾಗಿಸಿ ಹಾರಿಬಿಡುತ್ತವೆ. ಎಲೆ ಹಳದಿಯಾಗಲು ಇದೂ ಒಂದು ಕಾರಣ.

ಇನ್ನು ಬೇರಿನ ವಿಷಯ. ನನಗೆ ಬಹಳ ಅಚ್ಚರಿ ಎನಿಸುವುದು ಇದೇ. ಒಂದು ಚದರ ಸೆಂಟಿಮೀಟರಿಗೆ ಸುಮಾರು 20 ಕಿಲೋ ಭಾರದಷ್ಟು ಒತ್ತಿದರೂ ಸಲಾಕೆ ಇಳಿಯದಷ್ಟು ಮಣ್ಣು ಗಟ್ಟಿಯಾಗಿದ್ದರೆ, ಬೇರು ಬೆಳೆಯುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅಂಥ ಗಿಡವೊಂದನ್ನು ಬೇರುಸಹಿತ ಅಗೆದು ತೊಳೆದು ನೋಡಿ. ಕೆಳಗಿಳಿಯಬೇಕಾದ ಬೇರು ಮೊಂಡಾಗಿ, ದಪ್ಪವಾಗಿ, ಗೇಣುದ್ದ ಇಳಿಯುವಷ್ಟರಲ್ಲಿ ಅಡ್ಡಕ್ಕೆ ತಿರುಗಿರುತ್ತದೆ. ಮುಂದೆ ದಾರಿಯಿಲ್ಲವೆಂದು ಬೇರಿಗೆ ತಿಳಿಯುವುದು ಹೇಗೆ? ಬೇರು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ. ಸಡಿಲ ಮಣ್ಣಿನಲ್ಲಿ ಅದು ಸಂದುಗಳ ಮೂಲಕ ಹೊರಟುಹೋಗುತ್ತದೆ, ಬಿಗಿ ಮಣ್ಣಿನಲ್ಲಿ ಬೇರಿನ ಸುತ್ತಲೇ ತುಂಬಿಕೊಳ್ಳುತ್ತದೆ. ಆಗ ಬೇರು ಉದ್ದವಾಗುವುದನ್ನು ಬಿಟ್ಟು ಊದಿಕೊಳ್ಳುತ್ತದೆ. ಎಥಿಲೀನನ್ನು ಗುರುತಿಸಲಾರದ ಭತ್ತದ ಸಸಿಗಳ ಬೇರು ಬಿಗಿ ಮಣ್ಣಿನಲ್ಲೂ ಇಳಿದದ್ದನ್ನು 2021ರಲ್ಲಿ ವಿಜ್ಞಾನಿಗಳು ಕಂಡರು. ಅಂದರೆ ಬೇರು ನಿಲ್ಲುವುದು ಬರೀ ಶಕ್ತಿ ಸಾಲದೆ ಅಲ್ಲ!

ಬೇರು ಮೇಲೆಯೇ ಉಳಿದ ಗಿಡಕ್ಕೆ ಹತ್ತು ದಿನ ಮಳೆ ಕೈಕೊಟ್ಟರೆ ಕಷ್ಟ. ಕೆಳಗೆ ತೇವವಿದ್ದರೂ ಅದಕ್ಕೆ ಎಟುಕುವುದಿಲ್ಲ. ಈ ಕಷ್ಟ ತೆನೆ ಕಟ್ಟುವಾಗ ಬಂದರಂತೂ ಇಳುವರಿಗೇ ಪೆಟ್ಟು. ತೆನೆಯ ತುದಿಯ ರೇಷ್ಮೆಯಂಥ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಪರಾಗ ಆ ಎಳೆಯ ಮೇಲೆ ಬಿದ್ದರಷ್ಟೇ ಕಾಳು. ನೀರು ಸಾಲದಿದ್ದರೆ ಎಳೆಗಳು ತಡವಾಗಿ ಹೊರಬರುತ್ತವೆ, ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ತುದಿಯಲ್ಲಿ ಕಾಳಿಲ್ಲದ ಬೋಳು ತೆನೆ ಹೀಗೂ ಹುಟ್ಟುತ್ತದೆ.

ಮಳೆ ಬಿದ್ದ ಮೇಲೆ ಹಿರಿಯರು ಹಿಡಿ ಮಣ್ಣು ಕೈಗೆತ್ತಿಕೊಂಡು ಉಂಡೆ ಕಟ್ಟಿ ನೋಡುವುದನ್ನು ಕಂಡಿದ್ದೀರಾ? ಬೆರಳಿನಿಂದ ಒತ್ತಿದಾಗ ಉಂಡೆ ಪುಡಿಯಾದರೆ ಹದ ಬಂದಿದೆ, ಅಂಟಿಕೊಂಡರೆ ಇನ್ನೂ ಇಲ್ಲ. ಹದ ಬರುವ ತನಕ ಟ್ರ್ಯಾಕ್ಟರನ್ನು ಹೊಲಕ್ಕಿಳಿಸದೆ ಕಾಯುವುದಕ್ಕಿಂತ ಅಗ್ಗದ ಉಪಾಯ ನನಗೆ ಕಾಣದು. ಈಗಾಗಲೇ ಬಿಗಿಯಾದ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಬೇಕು, ಎರೆಹುಳು ಬೇಕು. ಎರೆ ಭೂಮಿಯಾದರೆ ಬೇಸಿಗೆಯಲ್ಲಿ ತಾನೇ ಬಿರುಕು ಬಿಟ್ಟು ಸ್ವಲ್ಪ ಸಡಿಲವಾಗುತ್ತದೆ. ಕೆಂಪು ಮಣ್ಣಿಗೆ ಆ ಅನುಕೂಲ ಕಡಿಮೆ. ಅಲ್ಲಿ ತೊಗರಿ ಬೆಳೆದರೆ ಅದರ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಬೇರು ಕೊಳೆತ ಮೇಲೆ ಉಳಿಯುವ ತೂತುಗಳು ಮುಂದಿನ ಮೆಕ್ಕೆಜೋಳಕ್ಕೆ ಸಿದ್ಧ ದಾರಿ.